ಧನುರ್ಮಾಸದ ಬಸಿರು

ಹಿಮಮಾಪನ ಶಿಬಿರ, ಲಾಹೌಲ್
28-11-2025

ಮಾವನವರಿಗೆ ನಮಸ್ಕಾರ.

ದೀಪಾವಳಿ ಮುಗಿಸಿ ಕೊಪ್ಪದಲ್ಲಿ ಬಸ್ಸು ಹತ್ತಿದ ಮೇಲೆ ಇದೇ ಮೊದಲ ಕಾಗದ. ಇಲ್ಲಿ ಟವರ್ ಇಲ್ಲ. ವಾರಕ್ಕೊಮ್ಮೆ ಸ್ಯಾಟಲೈಟ್ ಫೋನಿನಲ್ಲಿ ಎರಡು ನಿಮಿಷ ಮಾತಾಡಬಹುದು, ಅದೂ ಎಲ್ಲರ ಎದುರಿಗೆ ನಿಂತುಕೊಂಡು. ಆ ಎರಡು ನಿಮಿಷ ನಿಮ್ಮ ಮಗನಿಗೇ ಸಾಲುವುದಿಲ್ಲ. ನಿಮಗಂತೂ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವಲ್ಲ, ಹಾಗಾಗಿ ನಮ್ಮಿಬ್ಬರಿಗೆ ಅಂಚೆಯೇ ಗತಿ. ಛೆರಿಂಗ್ ಅಂತ ಒಬ್ಬರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಕೆಳಗಿನ ಊರಿಗೆ ನಡೆದುಹೋಗಿ ಟಪಾಲು ತರುತ್ತಾರೆ.

ನಮ್ಮ ಕೆಲಸ ಹಿಮ ಅಳೆಯುವುದು. ಅಳೆಯಲಿಕ್ಕೆ ಹಿಮವೇ ಇಲ್ಲ, ಅದೇ ಈಗಿನ ತಮಾಷೆ. ಈ ವರ್ಷ ಲಾ ನಿನಾ. ಅಂದರೆ ಪೆಸಿಫಿಕ್ ಸಾಗರದ ನಡುವಿನ ನೀರು ಮಾಮೂಲಿಗಿಂತ ತಣ್ಣಗಾಗಿದೆ. ಹಾಗಾದಾಗ ಪಶ್ಚಿಮದಿಂದ ಹಿಮಾಲಯಕ್ಕೆ ಬರುವ ಚಳಿಗಾಲದ ಮೋಡಗಳು ಸಾಮಾನ್ಯವಾಗಿ ಸೊರಗುತ್ತವೆ. ‘ಸಾಮಾನ್ಯವಾಗಿ’ ಅನ್ನುವ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಅದು ಒಂದು ಒಲವು ಅಷ್ಟೇ, ಆಣೆ ಅಲ್ಲ. ಹಿಮ ಕಡಿಮೆ, ದಾರಿ ಫೆಬ್ರವರಿವರೆಗೂ ತೆರೆದಿರುತ್ತದೆ ಅಂತ ನಮ್ಮವರ ಅಂದಾಜು.

ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ಮಳೆ ಪುಸ್ತಕದಲ್ಲಿ ಡಿಸೆಂಬರ್, ಜನವರಿಯಲ್ಲಿ ಮಳೆ ಬಿದ್ದ ವರ್ಷಗಳನ್ನು ಬರೆದು ಕಳಿಸಿ. ದೂರದ ಸಮುದ್ರ ನಮ್ಮ ಕಮ್ಮರಡಿಯ ಚಳಿಗಾಲದ ಮಳೆಯನ್ನೂ ಆಡಿಸುತ್ತದಾ ಅಂತ ನೋಡುವ ಆಸೆ. ಚಳಿಗಾಲದಲ್ಲಿ ಆಕಾಶ ನೋಡಿ ನೀವು ಏನೇನೋ ಹೇಳುತ್ತಿದ್ದಿರಿ, ಅದನ್ನೂ ಬರೆಯಿರಿ.

ಜನವರಿ ಇಪ್ಪತ್ತಕ್ಕೆ ನಮ್ಮಲ್ಲಿ ಅರ್ಧ ಜನ ಕೆಳಗೆ ಇಳಿಯುತ್ತಾರೆ, ಉಳಿದವರು ಮಾರ್ಚ್‌ವರೆಗೆ ಇಲ್ಲೇ. ನಾನು ಯಾವ ಕಡೆ ಅಂತ ಇನ್ನೂ ಹೇಳಿಲ್ಲ. ಊಟ ಸೇರುತ್ತಿಲ್ಲ, ಎತ್ತರಕ್ಕೆ ಇರಬೇಕು. ಅತ್ತೆಗೆ ಇದನ್ನು ಓದಬೇಡಿ.

ನಿಶ್ಚಿತಾ

*

ಕಮ್ಮರಡಿ
17-12-2025

ನಿಶ್ಚಿತಾಳಿಗೆ ಬೈರಪ್ಪನ ಆಶೀರ್ವಾದ.

ಕಾಗದ ಬಂತು. ಅರ್ಧ ಅರ್ಥ ಆಯ್ತು, ಇನ್ನರ್ಧ ಆಗ್ಲಿಲ್ಲ. ಎಲ್ಲೋ ಅಮೆರಿಕದ ಬುಡದಲ್ಲಿ ಸಮುದ್ರ ತಣ್ಣಗಾದ್ರೆ ನೀನಿರೋ ಗುಡ್ಡದಲ್ಲಿ ಹಿಮ ಯಾಕೆ ಕಡಿಮೆ ಆಗ್ಬೇಕು ಮಾರಾಯ್ತಿ? ಆಚೆ ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ಈಚೆ ಮನೆಯಲ್ಲಿ ಸೀನು ಬರೋ ಹಾಗೆ ಅಂತ ತಿಳ್ಕೊಂಡೆ. ನಿಮ್ಮತ್ತೆಗೆ ಓದಿ ಹೇಳಿದೆ (ಊಟದ ಸಾಲು ಬಿಟ್ಟು). ಆ ನಿನಾ ಅನ್ನೋಳು ಯಾರು, ನಿನ್ನ ಜೊತೆ ಕೆಲಸ ಮಾಡೋಳಾ, ಮದುವೆ ಆಗಿದೆಯಾ ಅಂತ ಕೇಳಿದಳು. ಆಗಿದೆ ಅಂದೆ.

ನೀನು ಕೇಳಿದ ಪಟ್ಟಿ ಇದರ ಜೊತೆಗಿದೆ. ಜಯಪುರದ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರ್ ಆಗಿ ಸೇರಿದ ವರ್ಷದಿಂದ ಮೊನ್ನೆವರೆಗೆ, ನಲವತ್ತೊಂದು ವರ್ಷದ್ದು. ಎಲ್ಲ ಇಂಚು ಸೆಂಟಿನಲ್ಲಿದೆ. ನೂರು ಸೆಂಟು ಅಂದ್ರೆ ಒಂದಿಂಚು. ನಿಮ್ಮ ಮಿಲಿಮೀಟರಿಗೆ ನೀನೇ ತಿರುಗಿಸ್ಕೋ.

ಇನ್ನು ಆಕಾಶದ ಮಾತು. ಸರಿಯಾಗಿ ಓದ್ಕೋ, ಆಮೇಲೆ ನಾನು ಬಿಡಿಸಿ ಬರೆಯಲ್ಲ. ನಿನ್ನೆ ಧನುರ್ಮಾಸ ಹುಟ್ಟಿತು, ಮೂಲಾ ನಕ್ಷತ್ರ. ಈಗ ಮೋಡ ಬಸಿರಾಗೋ ಕಾಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ಪಡುವಣದ ತಣ್ಣನೆ ಗಾಳಿ, ಸಂಜೆ ಗುಡ್ಡದ ನೆತ್ತಿ ಮೇಲೆ ಮೀನಿನ ಹುರುಪೆಯಂಥ ಮೋಡ, ಇಷ್ಟೂ ಮೂರು ದಿನ ಒಂದೇ ಸಮ ಕಂಡ್ರೆ ಬಸಿರು ನಿಂತಿತು. ಅಲ್ಲಿಂದ ನೂರ ತೊಂಬತ್ತೈದನೇ ದಿನಕ್ಕೆ ಹೆರಿಗೆ, ಅಂದ್ರೆ ಭರ್ತಿ ಮಳೆ. ನಡುವೆ ಈ ಚಳಿಯಲ್ಲೇ ಮಳೆ ಹನಿದುಬಿಟ್ರೆ ಬಸಿರು ಇಳಿದು ಹೋಯ್ತು ಅಂತ ಲೆಕ್ಕ. ನಮ್ಮಪ್ಪ ಹೀಗೇ ಹೇಳ್ತಿದ್ದ. ನಾವು ಬರೀ ‘ಬಸಿರು’ ಅಂತಲೇ ಅನ್ನೋದು, ಮೋಡ ಅಂತ ಮುಂದೆ ಸೇರಿಸೋ ಪದ್ಧತಿ ಇಲ್ಲ. ನಿಂತದ್ದನ್ನು ಊರಿಗೆಲ್ಲ ಡಂಗುರ ಹೊಡೀಬಾರದು, ದೃಷ್ಟಿ ತಾಗುತ್ತೆ. ಕಳೆದೆರಡು ವರ್ಷವೂ ನಿಂತ ಹಾಗೆ ಕಂಡು ನಿಲ್ಲಲಿಲ್ಲ. ನಿನ್ನ ಗಂಡ ಯಶವಂತ ಇದನ್ನೆಲ್ಲ ನಗಾಡ್ತಾನೆ. ಸ್ಪ್ರಿಂಕ್ಲರ್ ರಿಪೇರಿ ಮಾಡೋನಿಗೆ ಮಳೆ ಮೇಲೆ ಗೌರವ ಎಲ್ಲಿಂದ ಬರ್ಬೇಕು?

ಈ ಕಡೇ ಸಾಲು ಪೋಸ್ಟಿನಲ್ಲಿ ನಿಂತು, ಅಂಟಿಸೋ ಮುಂಚೆ ಬರೀತಿದ್ದೀನಿ. ಕವರು ದಪ್ಪ ಆಯ್ತು. ಸ್ಟಾಂಪು ಸಾಲದೇನೋ ಅಂತ ಪೋಸ್ಟಿನ ಸುಲೋಚನಮ್ಮ ರಾಗ ಎಳೆದರು. ನಾನು ರೈಟರ್ ಆಗಿ ಹಾಕಿದಷ್ಟು ಕವರು ಅವರು ಕಂಡಿಲ್ಲ, ಸಾಕು ಅಂತ ಹೇಳಿ ಡಬ್ಬಿಗೆ ಹಾಕ್ತಿದ್ದೀನಿ.

ಬೈರಪ್ಪ

*

(ಕಾರ್ಡು)
ಕಮ್ಮರಡಿ
22-12-2025

ನಿಶ್ಚಿತಾಳಿಗೆ ಆಶೀರ್ವಾದ. ಬಸಿರು ನಿಂತಿದೆ. ಅನುಮಾನ ಬೇಡ, ಮೂರು ದಿನ ಕಾದು ನೋಡಿಯೇ ಬರೀತಿದ್ದೀನಿ. ಲೆಕ್ಕಕ್ಕೆ ಜುಲೈ ಮೊದಲ ವಾರ ಹೆರಿಗೆ ಬರ್ಬೇಕು, ನಾಲ್ಕನೇ ತಾರೀಕು. ಬಹಳ ಸಂತೋಷ ಆಗಿದೆ. ಎರಡು ವರ್ಷ ಕಾದದ್ದಕ್ಕೆ ಈ ಸಲ ದೇವರು ಕಣ್ಣು ಬಿಟ್ಟ. ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ. ನೀನೂ ಹೇಳ್ಬೇಡ.
ಬೈರಪ್ಪ

*

ಲಾಹೌಲ್
31-12-2025

ಮಾವನವರಿಗೆ ನಮಸ್ಕಾರ.

ಇಪ್ಪತ್ತೆರಡರ ಕಾರ್ಡು ಇವತ್ತು ಬಂತು. ಬೇರೆ ಕಾಗದ ಏನೂ ಬಂದಿಲ್ಲ. ಕಾರ್ಡನ್ನು ಐದು ಸಲ ಓದಿದೆ. ಆಮೇಲೆ ಟೆಂಟಿನಿಂದ ಹೊರಗೆ ಹೋಗಿ ಒಬ್ಬಳೇ ಕೂತೆ.

ನಿಮಗೆ ಹೇಗೆ ಗೊತ್ತಾಯ್ತು ಮಾವ? ನಾನು ಯಾರಿಗೂ ಹೇಳಿಲ್ಲ. ನಂಗೇ ಎರಡು ಗೆರೆ ನೋಡಿದ ಮೇಲೆ ನಂಬಿಕೆ ಬಂದದ್ದು, ಅದೂ ಹದಿನೈದು ದಿನದ ಹಿಂದೆ. ನೀವು ಮೂರು ದಿನ ಕಾದು ನೋಡಿದೆ ಅಂತ ಬರೆದಿದ್ದೀರಿ. ಏನನ್ನು ನೋಡಿದಿರಿ, ಇಷ್ಟು ದೂರದಿಂದ? ದೀಪಾವಳಿಯಲ್ಲಿ ನನ್ನ ಮುಖದಲ್ಲಿ ಏನಾದರೂ ಕಂಡಿತ್ತಾ? ಜುಲೈ ನಾಲ್ಕು ಅಂದಿದ್ದೀರಿ. ನನ್ನ ಲೆಕ್ಕಕ್ಕೆ ಹದಿನೈದು. ಹತ್ತು ದಿನ ಆಚೀಚೆ ಅಷ್ಟೇ, ಅದು ನೋಡಿಯೇ ನಂಗೆ ಮೈ ಜುಮ್ಮೆಂದಿತು.

ಮಾವ ಸೊಸೆಗೆ ಇಂಥ ವಿಷಯ ಬರೆಯುವುದುಂಟಾ ಅಂತ ಮೊದಲು ನಾಚಿಕೆ ಆಯ್ತು. ಆಮೇಲೆ ಸಮಾಧಾನವೇ ಆಯ್ತು, ಸುಳ್ಳು ಯಾಕೆ ಹೇಳಲಿ. ಹೊತ್ತುಕೊಂಡು ತಿರುಗುತ್ತಿದ್ದ ಭಾರಕ್ಕೆ ಇನ್ನೊಬ್ಬರು ಕೈ ಕೊಟ್ಟ ಹಾಗಾಯ್ತು. ಮೊದಲೆರಡು ಸಲ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ. ಎಲ್ಲರಿಗೂ ಸಡಗರದಿಂದ ಹೇಳಿ, ಆಮೇಲೆ ಎಲ್ಲರ ಮುಖ ನೋಡುವುದು ನಂಗೆ ಇನ್ನೊಂದು ಸಲ ಆಗುವುದಿಲ್ಲ. ಹಾಗಾಗಿ ನಿಮ್ಮ ಮಗನಿಗೂ ಸದ್ಯ ಹೇಳಬೇಡಿ, ದಮ್ಮಯ್ಯ. ಅವರಿಗೆ ಗೊತ್ತಾದರೆ ನಾಳೆಯೇ ಇಳಿದು ಬಾ ಅಂತಾರೆ.

ಇಪ್ಪತ್ತಕ್ಕೆ ಇಳಿಯುವವರ ಜೊತೆ ನಾನೂ ಇಳಿಯುತ್ತೇನೆ. ಇದು ನಿಮಗೆ ಮಾತ್ರ. ಹಿಮ ಇನ್ನೂ ಇಲ್ಲ, ದಾರಿ ಬತ್ತಲೆ ಬಿದ್ದಿದೆ. ಲಾ ನಿನಾ ಈ ಒಂದು ವಿಷಯದಲ್ಲಿ ನನ್ನ ಕಡೆ ಇದ್ದಾಳೆ.

ನಿಶ್ಚಿತಾ

*

(ಕಾರ್ಡು)
ಕೊಪ್ಪ
4-1-2026

ನಿಶ್ಚಿತಾಳಿಗೆ ಆಶೀರ್ವಾದ. ಕೊಪ್ಪದ ಪೋಸ್ಟಾಫೀಸಿನ ಹೊರಗೆ ಡಬ್ಬಿ ಹತ್ತಿರ ನಿಂತೇ ಬರೀತಿದ್ದೀನಿ. ಪಕ್ಕದ ಮನೆ ಪ್ರದೀಪ ಬೈಕು ನಿಲ್ಲಿಸ್ಕೊಂಡು ಅವಸರ ಮಾಡ್ತಿದ್ದಾನೆ. ಹೇಳೋಕೆ ಮನಸ್ಸಿಲ್ಲ, ಹೇಳದೆ ಇರೋಕೂ ಆಗಲ್ಲ. ನಿನ್ನೆ ಸಂಜೆ ಬಸಿರು ಇಳಿದು ಹೋಯ್ತು. ನಾನು ನಿಂತಿದೆ ಅಂತ ಬರೆದದ್ದು ಸುಳ್ಳಾಯ್ತು. ಈ ವರ್ಷದ ಆಸೆ ಬಿಡು. ಇನ್ನು ಕಾಯೋದ್ರಲ್ಲಿ ಅರ್ಥ ಇಲ್ಲ.
ಬೈರಪ್ಪ

*

ಕಮ್ಮರಡಿ
10-1-2026

ನಿಶ್ಚಿತಾಳಿಗೆ ಆಶೀರ್ವಾದ.

ಮೂವತ್ತೊಂದರ ಕಾಗದ ಬಂತು. ನನ್ನ ಮಾತನ್ನು ಇಷ್ಟು ಮನಸ್ಸಿಗೆ ತಗೊಂಡೋರು ಈ ಮನೆಯಲ್ಲಿ ನೀನೊಬ್ಬಳೇ. ಓದಿದ ಕೂಡಲೆ ಕನ್ನಡಕ ತೆಗೆದು ಒರೆಸ್ಕೊಂಡೆ. ಆದ್ರೆ ಕೆಲವು ಮಾತು ತಿಳೀಲಿಲ್ಲ. ದೊಡ್ಡ ಕಾಗದದಲ್ಲಿ ಎಲ್ಲ ಬಿಡಿಸಿ ಬರೆದಿದ್ದೆನಲ್ಲ, ಆಮೇಲೂ ಹೇಗೆ ಗೊತ್ತಾಯ್ತು ಅಂತ ಕೇಳ್ತೀಯಲ್ಲ? ಎರಡು ಗೆರೆ ನೋಡಿದೆ ಅಂದ್ಯಲ್ಲ, ಅದು ಯಾವ ಮಾಪಕ? ನಮ್ಮ ಮಳೆ ಮಾಪಕದಲ್ಲಿ ಗೆರೆ ನೂರು ಇರುತ್ತೆ. ನಿನ್ನ ಲೆಕ್ಕಕ್ಕೆ ಜುಲೈ ಹದಿನೈದು ಬರುತ್ತೆ ಅಂದ್ರೆ ನಿಮ್ಮ ಕಂಪ್ಯೂಟರೂ ನಮ್ಮಪ್ಪನ ದಾರಿಗೇ ಬಂತಾಯ್ತು. ನಿನ್ನ ಮುಖಕ್ಕೂ ಇದಕ್ಕೂ ಎಂತ ಸಂಬಂಧ ಅನ್ನೋದು ಮಾತ್ರ ಹೊಳೀಲಿಲ್ಲ.

ನಿಮ್ಮತ್ತೆಗೆ ಗಟ್ಟಿಯಾಗಿ ಓದಿದೆ. ಎರಡು ಗೆರೆ ಅಂದ ಕೂಡಲೆ ಅಕ್ಕಿ ಆರಿಸ್ತಿದ್ದವಳು ಮೊರ ಕೆಳಗಿಟ್ಟು ಒಳಗೆ ಹೋದಳು. ಬಂದು ನಿನಗೆ ಊಟ ಸೇರ್ತಿದೆಯಾ ಅಂತ ಕೇಳ್ದಳು. ಮಳೆ ಮಾತು ಬಂದ್ರೆ ಊಟದ ಮಾತು, ಹೆಂಗಸರ ದಾರಿಯೇ ಬೇರೆ.

ಯಶವಂತನಿಗೆ ಹೇಳ್ಬೇಡ ಅಂದಿದ್ದೀಯ. ಹೇಳಲ್ಲ. ಹೇಳಿದ್ರೂ ಅವನಿಗೆ ಇದರಲ್ಲಿ ನಂಬಿಕೆ ಇಲ್ಲ. ಈಗಂತೂ ಹೇಳೋಕೆ ಏನೂ ಉಳಿದಿಲ್ಲ, ನಾಲ್ಕನೇ ತಾರೀಕಿನ ಕಾರ್ಡು ಓದಿರ್ತೀಯ. ಮೂರರಂದು ಸಂಜೆ ಮೂವತ್ತೆರಡು ಸೆಂಟು ಹೊಡೀತು. ಕಣದಲ್ಲಿ ಹರಡಿದ್ದ ಕಾಫಿಯೆಲ್ಲ ನೆನೆದು ಊರಿಗೆ ಊರೇ ಟಾರ್ಪಾಲು ಹಿಡ್ಕೊಂಡು ಓಡಿತು. ಇದೂ ನಿನಾಳ ಕೆಲಸವಾ? ಅಲ್ಲಿ ಹಿಮ ಕೊಡದೆ ಇಲ್ಲಿ ಬೇಡದ ಮಳೆ ಕೊಡೋದು ಯಾವ ನ್ಯಾಯ, ಕೇಳಿ ಹೇಳು.

ದುಃಖ ಪಡ್ಬೇಡ. ಇಳಿದದ್ದು ಇಳಿದು ಹೋಯ್ತು. ಇವೆಲ್ಲ ನಮ್ಮ ಕೈಯಲ್ಲಿಲ್ಲ. ಬರೋ ವರ್ಷ ನಿಲ್ಲುತ್ತೆ.

ಬೈರಪ್ಪ

*

ಲಾಹೌಲ್
16-1-2026

ಮಾವನವರಿಗೆ.

ನಾಲ್ಕರ ಕಾರ್ಡು ನಿನ್ನೆ ಕೈಗೆ ಬಂತು.

ಮೂರನೇ ತಾರೀಕು ಸಂಜೆ ನಂಗೆ ಸ್ವಲ್ಪ ರಕ್ತ ಹೋಯ್ತು. ಯಾರಿಗೂ ಹೇಳಲಿಲ್ಲ. ಎರಡು ದಿನ ಜ್ವರ ಅಂತ ಮಲಗಿದ್ದೆ, ಆಮೇಲೆ ನಿಂತಿತು. ಸ್ವಲ್ಪವೇ ಹೋದದ್ದು, ಏನೂ ಆಗಿರಲಿಕ್ಕಿಲ್ಲ ಅಂತ ಹನ್ನೆರಡು ದಿನ ನಂಗೆ ನಾನೇ ಹೇಳಿಕೊಂಡೆ. ಸಂಕಟ, ವಾಂತಿ ಎಲ್ಲ ಕಮ್ಮಿಯಾದದ್ದನ್ನೂ ಒಳ್ಳೆಯದು ಅಂತಲೇ ಎಣಿಸಿದೆ. ನಿಮ್ಮ ಕಾರ್ಡಿನಲ್ಲಿ ‘ನಿನ್ನೆ ಸಂಜೆ’ ಅಂತಿದೆ. ಅದೇ ದಿನ, ಅದೇ ಹೊತ್ತು.

ನಾನು ಇಂಥದ್ದನ್ನು ನಂಬುವವಳಲ್ಲ ಮಾವ. ಸಾವಿರಾರು ಮೈಲಿ ದೂರದ ಸಮುದ್ರ ಹಿಮವನ್ನು ಆಡಿಸುತ್ತದೆ ಅನ್ನುವುದಕ್ಕೂ ನಂಗೆ ಐವತ್ತು ವರ್ಷದ ಅಂಕಿ ಬೇಕು. ಆದರೆ ಯಾರೂ ಹೇಳದೆ ನಿಂತಿದೆ ಅಂತ ಬರೆದವರು ನೀವು. ಜುಲೈ ಅಂದವರು ನೀವು. ಈಗ ಹೋಯ್ತು ಅಂತ ಬರೆದವರೂ ನೀವೇ. ಕನಸು ಬಿತ್ತಾ, ಯಾರಾದರೂ ಕವಡೆ ಹಾಕಿ ಹೇಳಿದರಾ, ನಂಗೆ ಅರ್ಥ ಆಗುತ್ತಿಲ್ಲ. ಅರ್ಥ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಮೂರನೇ ಮಗು, ಮಾವ. ಮೂರನೆಯದು. ‘ಆಸೆ ಬಿಡು’ ಅಂತ ಅಷ್ಟು ಸಲೀಸಾಗಿ ಹೇಗೆ ಬರೆದಿರಿ?

ಇಪ್ಪತ್ತಕ್ಕೆ ನಾನು ಇಳಿಯುವುದಿಲ್ಲ. ಮಾರ್ಚ್‌ವರೆಗೆ ಉಳಿಯುವವರ ಪಟ್ಟಿಗೆ ಹೆಸರು ಕೊಟ್ಟೆ. ಕೆಳಗೆ ಹೋದರೆ ಮತ್ತೊಬ್ಬ ಡಾಕ್ಟರು ಸ್ಕ್ರೀನ್ ನೋಡಿ ನನ್ನ ಮುಖ ನೋಡಬೇಕು, ಆಮೇಲೆ ನಿಮ್ಮ ಮಗ ಓಡಿ ಬರಬೇಕು. ಬೇಡ. ಇಲ್ಲಿ ಕೋಲು ನೆಟ್ಟು ಹಿಮ ಅಳೆಯುವ ಕೆಲಸ ಇದೆ. ಹಿಮ ಇಲ್ಲದಿದ್ದರೆ ಸೊನ್ನೆ ಅಂತ ಬರೆಯುವ ಕೆಲಸ ಇದೆ.

ಅತ್ತೆಗೂ ಇವರಿಗೂ ನೀವು ಹೇಳುವುದು ಬೇಡ. ಬಂದ ಮೇಲೆ ನಾನೇ ಹೇಳುತ್ತೇನೆ.

ನಿಶ್ಚಿತಾ

*

ಲಾಹೌಲ್
24-1-2026

ಮಾವನವರಿಗೆ ನಮಸ್ಕಾರ.

ಈ ಕಾಗದ ಯಾವಾಗ ಹೊರಡುತ್ತದೋ ಗೊತ್ತಿಲ್ಲ. ಇಪ್ಪತ್ತಕ್ಕೆ ಅರ್ಧ ಜನ ಇಳಿದರು. ಇಪ್ಪತ್ತೊಂದರ ರಾತ್ರಿ ಛೆರಿಂಗ್ ಟಪಾಲು ತಂದರು. ಇಪ್ಪತ್ತೆರಡರಿಂದ ಹಿಮ ಶುರುವಾಗಿದೆ, ನಿಂತೇ ಇಲ್ಲ. ನಾಲ್ಕೂವರೆ ಅಡಿ. ದಾರಿ ಎಲ್ಲಿತ್ತು ಅಂತಲೂ ಕಾಣುವುದಿಲ್ಲ. ಫೋನಿನ ಆಂಟೆನಾ ಮುರಿದು ಬಿದ್ದಿದೆ.

ಛೆರಿಂಗ್ ತಂದ ಟಪಾಲಿನಲ್ಲಿ ನಿಮ್ಮ ಎರಡು ಕವರು ಇದ್ದವು. ಒಂದು ಡಿಸೆಂಬರ್ ಹದಿನೇಳರದು. ಸ್ಟಾಂಪು ಸಾಲದೆ ಎಲ್ಲೆಲ್ಲೋ ಸುತ್ತಿ, ಮೈ ತುಂಬ ಮುದ್ರೆ ಹೊಡೆಸಿಕೊಂಡು, ದಂಡ ಕೊಡಿ ಅಂತ ಬಂತು. ಇನ್ನೊಂದು ಜನವರಿ ಹತ್ತರದು. ತಾರೀಕಿನ ಪ್ರಕಾರ ಓದಿದೆ.

ಮೋಡ!

ನಾನು ನಕ್ಕೆ ಮಾವ. ಅಡುಗೆಯವರು ಓಡಿ ಬಂದು ನೋಡುವಷ್ಟು ನಕ್ಕೆ. ಅವರಿಗೆ ಏನಂತ ಹೇಳುವುದು? ನಮ್ಮೂರಲ್ಲಿ ಮೋಡ ಬಸಿರಾಗುತ್ತದೆ ಅಂತ ಹಿಂದಿಯಲ್ಲಿ ಹೇಳಿದರೆ ಎತ್ತರಕ್ಕೆ ತಲೆ ತಿರುಗಿದೆ ಅಂದುಕೊಳ್ಳುತ್ತಾರೆ. ನಗು ನಿಂತ ಮೇಲೆ ಎರಡೂ ಕಾರ್ಡು ಮತ್ತೆ ತೆಗೆದು ಓದಿದೆ. ನೀವು ಹೇಳಿದ್ದು ಮೋಡದ ಮಾತಾದರೆ, ನನ್ನದು ಹೋಯ್ತು ಅಂತ ಹೇಳಿದವರು ಯಾರು? ಯಾರೂ ಇಲ್ಲ. ನಿಂತಿದೆ ಅಂತ ಹೇಳಿದವರೂ ಯಾರೂ ಇಲ್ಲ, ಆ ಎರಡು ಗೆರೆ ಬಿಟ್ಟರೆ. ನಿಮ್ಮ ಕಾರ್ಡು ನಂಬಿ ನಾನು ಇಳಿಯಲಿಲ್ಲ. ಈಗ ಒಳಗೆ ಇದೆಯೋ ಇಲ್ಲವೋ ಅಂತ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಕೂತಿದ್ದೇನೆ. ಒಂದು ಗಳಿಗೆ ಇದೆ ಅನ್ನಿಸುತ್ತದೆ. ಇನ್ನೊಂದು ಗಳಿಗೆ ಬರೀ ಹಸಿವು ಅನ್ನಿಸುತ್ತದೆ.

ನಿಮ್ಮ ಪಟ್ಟಿಯನ್ನೂ ನೋಡಿದೆ. ಮಾಡಲಿಕ್ಕೆ ಬೇರೆ ಕೆಲಸ ಇಲ್ಲ. ನಲವತ್ತೊಂದು ವರ್ಷದಲ್ಲಿ ಜನವರಿ ಮಳೆ ಒಂಬತ್ತು ಸಲ. ಅದರಲ್ಲಿ ನಾಲ್ಕು ಲಾ ನಿನಾ ವರ್ಷ. ಮೂರು ಅದರ ಉಲ್ಟಾ, ಎಲ್ ನಿನೋ, ಆಗ ಆ ಸಮುದ್ರ ಬಿಸಿಯಾಗಿರುತ್ತದೆ. ಉಳಿದೆರಡು ಯಾವುದೂ ಅಲ್ಲ. ಇದರಿಂದ ಏನು ಹೇಳುವುದು? ಹಿಂದೂ ಮಹಾಸಾಗರದ ಮೇಲೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಪೂರ್ವಕ್ಕೆ ಸಾಗುವ ಮಳೆಯ ಪಟ್ಟಿ ಒಂದಿದೆ, ನಿಮ್ಮ ಮೂವತ್ತೆರಡು ಸೆಂಟು ಅದರ ಕೈವಾಡ ಇರಬಹುದು. ಇರಬಹುದು ಅಷ್ಟೇ. ನಮ್ಮ ಹಿಮದ ಅಂದಾಜೂ ಸುಳ್ಳಲ್ಲ, ಅದೇ ವಿಚಿತ್ರ. ಇಡೀ ಚಳಿಗಾಲದ ಮೊತ್ತ ತೆಗೆದರೆ ಇವತ್ತಿಗೂ ಹಿಮ ಕಡಿಮೆಯೇ. ಆದರೆ ನಮ್ಮ ಬಾಗಿಲು ಮುಚ್ಚಲಿಕ್ಕೆ ಇಡೀ ಚಳಿಗಾಲ ಬೇಕಾಗಲಿಲ್ಲ, ಮೂರು ದಿನ ಸಾಕಾಯ್ತು. ಹೋದ ಸಲ ಡಾಕ್ಟರು ನಂಗೆ ನೂರಕ್ಕೆ ಎಪ್ಪತ್ತು ಜನಕ್ಕೆ ಮುಂದಿನದು ನಿಲ್ಲುತ್ತದೆ ಅಂದಿದ್ದರು. ಆ ಎಪ್ಪತ್ತರಲ್ಲಿ ನಾನು ಇದ್ದೇನಾ ಅಂತ ಕೇಳಿದರೆ ಅವರೂ ‘ಇರಬಹುದು’ ಅಂದರು, ಅಷ್ಟೇ.

ಭಯ ಆಗುತ್ತಿದೆ. ಯಾರಿಗೆ ಹೇಳಲಿ ಅಂತ ನೋಡಿದರೆ ನಿಮಗೇ ಬರೆಯುತ್ತಿದ್ದೇನೆ. ನಾಳೆ ನಮ್ಮ ಮುಖ್ಯಸ್ಥರಿಗೆ ಹೇಳುತ್ತೇನೆ.

ನಿಶ್ಚಿತಾ

*

ಕಮ್ಮರಡಿ
27-1-2026

ತಾಯೀ,

ಹದಿನಾರರ ಕಾಗದ ಈಗ ಬಂತು. ಅಂಗಳದಲ್ಲೇ ನಿಂತು ಓದಿದೆ. ಮುಗಿದ ಮೇಲೆ ಜಗಲಿ ಮೇಲೆ ಕೂತು ಮೊದಲಿಂದ ಇನ್ನೊಂದು ಸಲ ಓದಿದೆ.

ನಾನು ಬರೆದದ್ದು ಮೋಡದ ಬಗ್ಗೆ. ನಿನ್ನ ಬಗ್ಗೆ ಅಲ್ಲ. ಅಲ್ಲವೇ ಅಲ್ಲ. ನಿನಗೆ ಮಗು ಅನ್ನೋದೇ ನಂಗೆ ಗೊತ್ತಿರಲಿಲ್ಲ. ದಪ್ಪ ಕವರು ನಿನಗೆ ಸೇರಿಲ್ಲ ಅಂತ ಈಗ ಹೊಳೀತು. ಅದರಲ್ಲಿ ಎಲ್ಲ ಇತ್ತು. ಸ್ಟಾಂಪು ಸಾಲಲ್ಲ ಅಂತ ಸುಲೋಚನಮ್ಮ ಅಂದಾಗ ನಾನು ದೊಡ್ಡಸ್ತಿಕೆ ತೋರಿಸಿದೆ. ಎರಡು ಗೆರೆ ಅಂದ್ರೆ ಮಾಪಕ ಅಂತ ಬರೆದ ಪೆದ್ದ ನಾನು. ನಲವತ್ತೊಂದು ವರ್ಷ ಆಕಾಶ ಓದಿದೆ ಅಂತ ಮೆರೆದೆ, ಮನೆ ಸೊಸೆ ಬರೆದ ನಾಲ್ಕು ಸಾಲು ಓದೋಕೆ ಬರಲಿಲ್ಲ.

ನಿಮ್ಮತ್ತೆ ಕಾಗದ ಕಿತ್ಕೊಂಡು ಓದಿದಳು. ಎರಡು ಗೆರೆ ಅಂದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ನೀನು ಯಾರಿಗೂ ಹೇಳ್ಬೇಡ ಅಂದಿದ್ದಕ್ಕೆ ನುಂಗ್ಕೊಂಡು ಕೂತಿದ್ದಳು. ನಾನು ಆ ಹಾಳು ಕಾರ್ಡು ಹಾಕಿದ್ದು ಅವಳಿಗೆ ತಿಳಿದಿರಲಿಲ್ಲ. ಗಟ್ಟಿಯಾಗಿ ಹೇಳದಿದ್ರೆ ನಂಗೆ ಕೇಳಲ್ಲ ಅಂತ ಗೊತ್ತಿದ್ದೂ ಮೆಲ್ಲಗೇ ಹೇಳಿದಳು, ತುಟಿ ನೋಡಿ ತಿಳೀತು.

“ನಿಮ್ಮ ಮೋಡಕ್ಕೆ ಬೇರೆ ಹೆಸರು ಸಿಗಲಿಲ್ವಾ?”



ಯಶವಂತನಿಗೆ ಹೇಳಿಬಿಟ್ಟೆ. ನೀನು ಬೇಡ ಅಂದದ್ದು ಮೀರಿದ್ದಕ್ಕೆ ಬೈಕೋ. ಅವನು ನನ್ನ ಮೇಲೆ ಕೂಗಾಡಲಿಲ್ಲ, ಕೂಗಾಡಿದ್ರೇ ಚೆನ್ನಾಗಿತ್ತು. ನಿಮ್ಮ ಆಫೀಸಿಗೆ ಫೋನು ಮಾಡಿದ, ಶಿಬಿರದ ಸಂಪರ್ಕ ತಪ್ಪಿದೆ, ದಾರಿ ಮುಚ್ಚಿದೆ ಅಂದ್ರಂತೆ. ಅಂಗಡಿ ಬಾಗಿಲು ಹಾಕಿ ಹೊರಟು ನಿಂತಿದ್ದಾನೆ. ಹಿಮ ಕಡಿಮೆ, ದಾರಿ ತೆರೆದಿರುತ್ತೆ ಅಂತ ನೀನೇ ಬರೆದಿದ್ದೆಯಲ್ಲ ಮಗಾ? ಯಾರ ಲೆಕ್ಕ ನಂಬೋದು ನಾನೀಗ?

ಈ ಕಾಗದ ಅಂಚೆಗೆ ಹಾಕಲ್ಲ. ಅವನ ಕೈಲೇ ಕೊಡ್ತೀನಿ. ನಾನು ಹೋಯ್ತು ಅಂದದ್ದಕ್ಕೆ ನೀನು ಹೋಯ್ತು ಅಂತ ತಿಳೀಬೇಡ. ನಂಗೆ ಏನೂ ಗೊತ್ತಿಲ್ಲ. ಬದುಕಿನಲ್ಲಿ ಈ ಮಾತು ಬರೀತಿರೋದು ಇದೇ ಮೊದಲು. ನಂಗೆ ಏನೂ ಗೊತ್ತಿಲ್ಲ ತಾಯೀ. ನನ್ನನ್ನು ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ. ನೀನು ಚೆನ್ನಾಗಿದ್ರೆ ಸಾಕು. ನೀನು, ಅಷ್ಟೇ.

ಬೈರಪ್ಪ

*

ಕುಲ್ಲು
5-2-2026

ಮಾವನವರಿಗೆ ನಮಸ್ಕಾರ.

ಅತ್ತೆಗೆ ಫೋನಿನಲ್ಲಿ ಹೇಳಿಯಾಗಿದೆ, ಅವರು ನಿಮಗೂ ಹೇಳಿರುತ್ತಾರೆ. ಆದರೂ ನಿಮಗೆ ನಾನೇ ಬರೆಯಬೇಕು. ಇಪ್ಪತ್ತನಾಲ್ಕನೇ ತಾರೀಕು ಬರೆದ ಕಾಗದ ನನ್ನ ಚೀಲದಲ್ಲೇ ಉಳಿದಿತ್ತು, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಅದನ್ನು ಮೊದಲು ಓದಿ. ಸ್ಟಾಂಪು ಎರಡು ಹೆಚ್ಚೇ ಹಚ್ಚಿದ್ದೇನೆ.

ಇಪ್ಪತ್ತೈದಕ್ಕೆ ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಪಾಪ, ಅವರು ನನಗಿಂತ ಹೆದರಿದರು. ಆಂಟೆನಾ ಸರಿಯಾಗಲಿಕ್ಕೆ ಮೂರು ದಿನ, ಆಕಾಶ ತೆರೆಯಲಿಕ್ಕೆ ಇನ್ನೈದು ದಿನ. ಎರಡನೇ ತಾರೀಕು ಹೆಲಿಕಾಪ್ಟರ್ ಬಂತು. ಅದರಲ್ಲಿ ಕೂತಾಗ ಕೆಳಗೆ ಎಲ್ಲ ಬೆಳ್ಳಗೆ, ಎಲ್ಲಿ ಗುಡ್ಡ ಎಲ್ಲಿ ಮೋಡ ಅಂತ ತಿಳಿಯುತ್ತಿರಲಿಲ್ಲ. ಇಲ್ಲಿ ಇಳಿದರೆ ನಿಮ್ಮ ಮಗ ಚಳಿಗೆ ಸಾಲದ ಸ್ವೆಟರು ಹಾಕಿಕೊಂಡು ನಡುಗುತ್ತಾ ನಿಂತಿದ್ದರು. ನಿಮ್ಮ ಕಾಗದ ಕೊಟ್ಟರು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಇಬ್ಬರೂ ಒಟ್ಟಿಗೆ ಓದಿದೆವು.

ಆ ಕಾರ್ಡಿಗೆ ನಿಮ್ಮ ಮೇಲೆ ಸಿಟ್ಟಿತ್ತು, ಇಲ್ಲ ಅನ್ನುವುದಿಲ್ಲ. ನನ್ನ ಮೇಲೂ ಇತ್ತು. ಇವರಿಗೆ ಮೊದಲೇ ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಓದಿದ ಮೇಲೆ ಆ ಸಿಟ್ಟು ಎಲ್ಲಿ ಹೋಯ್ತೋ.

ಡಾಕ್ಟರಮ್ಮ ಸ್ಕ್ರೀನನ್ನು ತುಂಬ ಹೊತ್ತು ನೋಡಿದರು. ನಾನು ಅವರ ಮುಖ ನೋಡಬಾರದು ಅಂತ ಗೋಡೆ ನೋಡುತ್ತಿದ್ದೆ. ಆಮೇಲೆ ಅವರು ಹಿಂದಿಯಲ್ಲಿ ಒಂದೇ ಮಾತು ಹೇಳಿದರು, “ಹೈ.”

ಇದೆ, ಮಾವ. ಇದೆ.

ಮಗುವಿನ ಮಾಸು ಗರ್ಭಕೋಶದಲ್ಲಿ ತೀರಾ ಕೆಳಗೆ ಕೂತಿದೆಯಂತೆ, ರಕ್ತ ಹೋದದ್ದು ಅದಕ್ಕೇ ಇರಬಹುದಂತೆ. ಎರಡು ತಿಂಗಳು ಊರಿಗೆ ಬರುವ ಹಾಗಿಲ್ಲ, ಮೆಟ್ಟಿಲು ಹತ್ತುವ ಹಾಗಿಲ್ಲ. ಇಲ್ಲೇ ಒಂದು ಕೋಣೆ ಹಿಡಿದಿದ್ದೇವೆ. ಮುಂದೆ ಹೇಗೆ ಅಂತ ಕೇಳಿದರೆ ಡಾಕ್ಟರಮ್ಮ ನೋಡೋಣ ಅಂದರು. ನೀವು ಮಾತ್ರ ಜುಲೈವರೆಗೆ ನಂಗೆ ಮೋಡದ ಸುದ್ದಿ ಬರೆಯಬೇಡಿ. ನಿಂತಿತು, ಇಳಿಯಿತು ಯಾವುದೂ ಬೇಡ.

ನಿಶ್ಚಿತಾ

*

(ಕಾರ್ಡು)
ಕಮ್ಮರಡಿ
12-2-2026

ಮಗಾ, ಕಾಗದ ಸೇರಿತು. ನಾಳೆ ಬೆಳಿಗ್ಗೆ ನಾನೂ ನಿಮ್ಮತ್ತೆಯೂ ಹೊರಡ್ತೀವಿ. ಪ್ರದೀಪ ಚಂಡೀಗಢದವರೆಗೆ ರೈಲಿನಲ್ಲಿ ಜೊತೆಗೆ ಬಂದು ಕುಲ್ಲು ಬಸ್ಸು ಹತ್ತಿಸ್ತಾನಂತೆ. ನಾನು ಮಂಗಳೂರು ದಾಟಿದವನಲ್ಲ, ಆದ್ರೂ ಬರ್ತೀನಿ. ನಾಲ್ಕು ದಿನಕ್ಕೆ ನಿನ್ನ ಎದುರಿಗೆ ಇರ್ತೀವಿ. ಈ ಕಾರ್ಡು ನಮ್ಮ ಹಿಂದೆ ನಿಧಾನಕ್ಕೆ ಬರುತ್ತೆ. ಬಂದಾಗ ನೀನು ಓದ್ಬೇಡ, ನನ್ನ ಕೈಗೆ ಕೊಡು. ಇದರಲ್ಲಿ ಇರೋದನ್ನು ಅಷ್ಟರಲ್ಲಿ ನಾನೇ ಬಾಯಲ್ಲಿ ಹೇಳಿರ್ತೀನಿ.
ಬೈರಪ್ಪ